ಅಡಿವೆವ್ವನ ಊಟದ ಹಾಳೆ

ಮದುವೆಯಾಗಿ ಗಜೇಂದ್ರಗಡದ ನಮ್ಮ ನೇಕಾರ ಓಣಿಗೆ ಬಂದ ಒಂಬತ್ತು ವರ್ಷಕ್ಕೆ, ಅಂದರೆ ೨೦೦೮ರಲ್ಲಿ, ಬನಶ್ರೀಗೆ ಮೊದಲ ನೌಕರಿ ಸಿಕ್ಕಿತು. ಎಂಥ ನೌಕರಿ ಎಂದು ಕೇಳಿ ಓಣಿಯೆಲ್ಲ ನಕ್ಕಿತು. ಮೂವತ್ತು ಮನೆಗಳಲ್ಲಿ ಯಾರು ಏನು ಉಂಡರು, ಎಷ್ಟು ಉಂಡರು ಎಂದು ದಿನಾ ಬರೆದುಕೊಳ್ಳಬೇಕು, ವಾರಕ್ಕೊಮ್ಮೆ ಅವರ ಮಲದ ಡಬ್ಬಿಗಳನ್ನು ಧಾರವಾಡಕ್ಕೆ ಕಳಿಸಬೇಕು.

“ಇದೊಂದು ನೌಕರಿ ಉಳಿದಿತ್ತು ನೋಡವಾ!” ಎಂದು ಎದುರುಮನೆಯ ಉಡಚವ್ವ ಮೂಗು ಮುಚ್ಚಿಕೊಂಡಳು. ನಾನೂ ನಕ್ಕವಳೇ, ಸುಳ್ಳೇಕೆ ಹೇಳಲಿ.

ಕೆಲಸ ಕೊಟ್ಟವನು ಧಾರವಾಡದ ಸಂಶೋಧಕ ವಸೀಮ. ನಮ್ಮ ಕರುಳಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆಯಂತೆ, ಜೋಳ, ಉಳ್ಳಾಗಡ್ಡಿ, ಬಳ್ಳೊಳ್ಳಿಯ ನಾರೇ ಅವಕ್ಕೆ ಊಟವಂತೆ. ಉಂಡದ್ದನ್ನು ತಿಳಿಸಿದರೆ ಯಾವ ಜೀವಿ ಹೆಚ್ಚುತ್ತದೆ, ಯಾವುದು ಕಡಿಮೆಯಾಗುತ್ತದೆ ಎಂದು ಅವನ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆ ಲೆಕ್ಕ ಡಬ್ಬಿಯಲ್ಲಿ ಸಿಕ್ಕಿದ್ದಕ್ಕೆ ತಾಳೆಯಾಗಬೇಕು. ಇದನ್ನೆಲ್ಲ ನಮಗೆ ಬಿಡಿಸಿ ಹೇಳುವಾಗ ಬನಶ್ರೀಯ ಹಿಗ್ಗು ನೋಡಬೇಕಿತ್ತು.

ಆ ಮೂವತ್ತರಲ್ಲಿ ಅವಳ ಮನೆಯೂ ಒಂದು. ಉಳಿದ ಕಡೆ ಉಂಡವರನ್ನೇ ಕೂರಿಸಿ ಕೇಳುತ್ತಿದ್ದಳು. ತನ್ನ ಅತ್ತೆ ಅಡಿವೆವ್ವನನ್ನು ಮಾತ್ರ ಕೇಳಲಿಲ್ಲ. ಸೊಸೆಯಾದವಳು ಅತ್ತೆಗೆ ಎಷ್ಟು ರೊಟ್ಟಿ ಉಂಡಿರಿ ಎಂದರೆ ತುತ್ತು ಎಣಿಸಿದ ಹಾಗೆ. ನಮ್ಮಲ್ಲಿ ಅದಕ್ಕಿಂತ ಕೆಟ್ಟ ಹೆಸರಿಲ್ಲ. ಹಾಗಾಗಿ ತಾನು ಬಡಿಸಿದ್ದನ್ನೇ ಬರೆದಳು: ಎರಡು ರೊಟ್ಟಿ, ಕಾಳುಪಲ್ಯ, ಹಸಿ ಉಳ್ಳಾಗಡ್ಡಿ, ಒಂದು ಬಟ್ಟಲು ಮಜ್ಜಿಗೆ. ತಾಟು ದಿನಾ ಖಾಲಿಯಾಗಿಯೇ ಬರುತ್ತಿತ್ತು.

ಎರಡು ತಿಂಗಳಿಗೆ ವಸೀಮ ಖುದ್ದಾಗಿ ಬಂದ. “ಅಕ್ಕಾರ, ನಿಮ್ಮ ಅತ್ತಿಯವರ ಲೆಕ್ಕ ಒಂದ ಕೂಡವಲ್ದು. ಇಷ್ಟು ನಾರು ಉಂಡವರ ಹೊಟ್ಟ್ಯಾಗ ಇರಬೇಕಾದ ಜೀವಿ ಇವರ ಡಬ್ಬ್ಯಾಗ ಭಾಳ ಕಡಿಮಿ ಅದಾವ. ಹಾಳಿ ಒಮ್ಮೆ ನೋಡ್ರಿ.”

“ನಾನ ಬಡಸೇನ್ರಿ, ನಾನ ಬರದೇನ್ರಿ. ನಿಮ್ಮ ಕಂಪ್ಯೂಟರ್ ರಿಪೇರಿ ಮಾಡಸ್ರಿ” ಎಂದಳು ಬನಶ್ರೀ.

ಕಟ್ಟೆಯ ಮೇಲಿದ್ದ ನಾವೆಲ್ಲ ಭೇಷ್ ಅಂದೆವು. ಅಡಿವೆವ್ವ ಅಲ್ಲೇ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದಳು. ಸೊರಗಿದ್ದಳು ನಿಜ. ವಯಸ್ಸಾಯಿತು ಅಂದುಕೊಂಡೆವು.

ದೀಪಾವಳಿ ಮುಗಿದ ವಾರದಲ್ಲಿ ಅವಳು ಕೂತಲ್ಲೇ ಕುಸಿದಳು. ಅನ್ನನಾಳದಲ್ಲಿ ಗಡ್ಡೆ ಬೆಳೆದು ತಿಂಗಳುಗಳಿಂದ ಗಟ್ಟಿ ಪದಾರ್ಥ ಇಳಿಯುತ್ತಿರಲಿಲ್ಲ, ಮೊದಲೇ ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು ದವಾಖಾನೆಯಲ್ಲಿ. ಮಜ್ಜಿಗೆಯೊಂದನ್ನು ಕುಡಿದು, ರೊಟ್ಟಿ ಪಲ್ಯವನ್ನೆಲ್ಲ ಹಿತ್ತಲ ಎಮ್ಮೆಗೆ ಹಾಕುತ್ತಿದ್ದಳಂತೆ.

“ಯಾಕ ಹೇಳ್ಲಿಲ್ರಿ ಅತ್ತಿ?”

“ಹೇಳಿದ್ರ ಕೆಲಸಾ ಬಿಟ್ಟು ನನ್ನ ಕಾಯ್ಕೊಂತ ಕುಂಡರ್ತಿದ್ದಿ. ಹಾಳಿ ಹಿಡಕೊಂಡು ಹೊಂಟ್ರ ಎಷ್ಟ ಚಂದ ಕಾಣ್ತಿದ್ದಿ ನೀ.”

ಇಪ್ಪತ್ತು ದಿನಕ್ಕೆ ಅಡಿವೆವ್ವ ತೀರಿಕೊಂಡಳು.

ಮಾತಾಡಿಸಲು ಬಂದ ವಸೀಮ, ಆ ಹಾಳೆಗಳನ್ನು ಲೆಕ್ಕದಿಂದ ತೆಗೆದುಬಿಡುತ್ತೇನೆ ಎಂದ. ಬನಶ್ರೀ ಒಪ್ಪಲಿಲ್ಲ. ಹಾಳೆಗಳನ್ನು ಇಸಿದುಕೊಂಡು ಒಂದೊಂದರಲ್ಲೂ ರೊಟ್ಟಿ, ಪಲ್ಯ, ಉಳ್ಳಾಗಡ್ಡಿಯನ್ನು ಹೊಡೆದುಹಾಕಿದಳು. ಮಜ್ಜಿಗೆಯನ್ನಷ್ಟೇ ಬಿಟ್ಟಳು. ನಮ್ಮೆಲ್ಲರ ಮುಂದೆಯೇ ಅವನಿಂದ ಲ್ಯಾಪ್‌ಟಾಪ್ ತೆರೆಸಿ ಲೆಕ್ಕ ಹಾಕಿಸಿದಳು.

ವಸೀಮ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. “ಈಗ ಕೂಡಿತ್ರಿ ಅಕ್ಕಾರ” ಎಂದ.

“ಅವತ್ತ ನಾ ಅತ್ತಿಯವರನ್ನ ಒಂದ ಮಾತು ಕೇಳಿದ್ರ ಏನಾಗ್ತಿತ್ರಿ?” ಬನಶ್ರೀ ಅಳುತ್ತಲೇ ನಮ್ಮ ಕಡೆ ತಿರುಗಿದಳು. “ಸೊಸಿ ಅತ್ತಿ ತುತ್ತು ಎಣಿಸ್ಯಾಳ ಅಂತಿದ್ರಿ. ಅಷ್ಟ ಅಲ್ಲೇನ್ರಿ?”

ಹೌದು, ಅಂತಿದ್ದೆವು. ಎಲ್ಲರಿಗಿಂತ ಮೊದಲು ನಾನೇ ಅಂತಿದ್ದೆ.