ಹರಿದ ಕಾಗದದ ಕೆಳಗಿನ ಅರ್ಧ

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಸುದ್ದಿ ಬರುತ್ತಿದ್ದದ್ದು ಕೆಜಿ ಲೆಕ್ಕದಲ್ಲಿ. ಬಣಕಲ್ಲಿನ ರಸ್ತೆ ಬದಿಯಲ್ಲಿ ಅಪ್ಪನ ದಿನಸಿ ಅಂಗಡಿ ಇತ್ತು. ಸಾಮಾನು ಕಟ್ಟಿಕೊಡಲು ಮೂಡಿಗೆರೆಯಿಂದ ಹಳೇ ಪೇಪರಿನ ಕಟ್ಟು ತರಿಸುತ್ತಿದ್ದರು. ಒಂದೊಂದು ಹಾಳೆಯನ್ನೂ ನಡುವೆ ಮಡಚಿ ಎರಡು ಹೋಳು ಮಾಡುವುದು ನನ್ನ ಕೆಲಸ. ಅಪ್ಪ ಅದರಲ್ಲಿ ಜೀರಿಗೆಯನ್ನೋ ಮೆಣಸಿನಕಾಯಿಯನ್ನೋ ಸುತ್ತಿ ದಾರ ಕಟ್ಟುವ ಮೊದಲು ಒಮ್ಮೆ ಕಣ್ಣಾಡಿಸಿ, ಜೋರಾಗಿ ಓದಿ ಹೇಳುತ್ತಿದ್ದರು. ಎಷ್ಟು ಹಳೆಯದಾದರೇನು, ನಮಗೆ ಅದೇ ಬಿಸಿ ಸುದ್ದಿ. ಎಸ್ಟೇಟಿನ ಮೇಸ್ತ್ರಿಯಿಂದ ಹಿಡಿದು ಕೂಲಿಯಾಳುಗಳ ಲೈನುಮನೆಯ ಹೆಂಗಸರವರೆಗೆ ಎಲ್ಲರೂ ನಿಂತು ಕೇಳುತ್ತಿದ್ದರು. ಅಪ್ಪನಿಗೆ ಅದೊಂದು ಹೆಮ್ಮೆ.

ಒಂದು ದಿನ ಅಪ್ಪ ಕಾಗದ ಹಿಡಿದು ಹಾಗೇ ನಿಂತುಬಿಟ್ಟರು. ಚುಚ್ಚುಮದ್ದು ಹಾಕಿಸಿಕೊಂಡ ಮಗು ತೀರಿಕೊಂಡಿತು ಎಂದು ದಪ್ಪ ಅಕ್ಷರದಲ್ಲಿತ್ತು. ಕೆಳಗೆ ನಾಲ್ಕು ಸಾಲು, ಅಷ್ಟೇ. ಅಲ್ಲಿಗೆ ಸರಿಯಾಗಿ ನಾನು ಹರಿದಿದ್ದೆ. ಉಳಿದರ್ಧ ಯಾರದೋ ಪೊಟ್ಟಣವಾಗಿ ಹೋಗಿತ್ತು.

ಅದೇ ವಾರ ನರ್ಸಮ್ಮ ಔಷಧಿಯ ಪೆಟ್ಟಿಗೆ ನೇತುಹಾಕಿಕೊಂಡು ಬಂದರು. ಅಪ್ಪ ಬಾಗಿಲಲ್ಲೇ ಅಡ್ಡ ನಿಂತು, “ಮಕ್ಳು ಅಜ್ಜಿ ಮನೆಗೆ ಹೋಗಿದಾವೆ ಸಿಸ್ಟರ್ರೇ” ಅಂದರು. ನಾನೂ ನಾಲ್ಕು ವರ್ಷದ ತಂಗಿಯೂ ಬೆಲ್ಲದ ಮೂಟೆಯ ಹಿಂದೆ ಕೂತಿದ್ದೆವು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ನಾನು ಅವಳ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿದೆ. ನರ್ಸಮ್ಮನ ಚಪ್ಪಲಿ ಸದ್ದು ದೂರವಾದ ಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಎರಡು ತಿಂಗಳು ಕಳೆದು, ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿತ್ತು. ವಾರ ಕಳೆದು ತೋಟಗಳೆಲ್ಲ ಹೂವಿನಿಂದ ಬೆಳ್ಳಗಾದ ಬೆಳಿಗ್ಗೆ ತಂಗಿ ಹಾಸಿಗೆಯಿಂದ ಏಳಲಿಲ್ಲ. ಮೂರು ದಿನದಿಂದ ಜ್ವರವಿತ್ತು. ಶೀತ ಎಂದು ಅವ್ವ ಕಷಾಯ ಕುಡಿಸುತ್ತಿದ್ದಳು. ಈಗ ಕುತ್ತಿಗೆ ಊದಿ, ಉಸಿರೆಳೆದರೆ ಗರಗಸದಂಥ ಸದ್ದು ಬರುತ್ತಿತ್ತು. ಎದುರಿನ ಗ್ಯಾರೇಜಿನ ಕಾಕ ಕೈಯ ಗ್ರೀಸು ಕೂಡ ಒರೆಸಿಕೊಳ್ಳದೆ ಜೀಪು ತೆಗೆದರು. ಅಪ್ಪ ಅಂಗಡಿಗೆ ಬಾಗಿಲನ್ನೇ ಹಾಕಲಿಲ್ಲ. ಯಾರೂ ಬೇಡ ಅನ್ನದ್ದರಿಂದ ನಾನೂ ಹತ್ತಿಕೊಂಡೆ.

ಮೂಡಿಗೆರೆಯ ಡಾಕ್ಟರು ತಂಗಿಯ ಬಾಯಿಗೆ ಟಾರ್ಚು ಬಿಟ್ಟು ನೋಡಿದರು. ಗಂಟಲೊಳಗೆ ಬೂದು ಬಣ್ಣದ ಪೊರೆ ಕಟ್ಟಿತ್ತು.

“ಗಂಟಲಮಾರಿ. ಇದಕ್ಕೆ ಇಂಜೆಕ್ಷನ್ ಹಾಕ್ಸಿರಲಿಲ್ವಾ?”

“ಪೇಪರಲ್ಲಿ ಬಂದಿತ್ತು ಡಾಕ್ಟ್ರೇ... ಹಾಕ್ಸಿದ್ರೆ ಮಗು ಉಳಿಯಲ್ಲ ಅಂತ...”

“ಪೂರ್ತಿ ಓದಿದ್ರಾ?”

ಅಪ್ಪ ತಲೆ ತಗ್ಗಿಸಿದರು. “ಅರ್ಧ ಇತ್ತು” ಎಂದದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ.

ಇದರ ಔಷಧಿ ಇಲ್ಲಿಲ್ಲ, ಕೂಡಲೇ ಚಿಕ್ಕಮಗಳೂರಿಗೆ ಹೊರಡಿ ಎಂದರು ಡಾಕ್ಟರು. ಕಾಕ ಜೀಪನ್ನು ಓಡಿಸಿದ್ದಲ್ಲ, ಹಾರಿಸಿದ್ದು. ಅಪ್ಪ ದಾರಿಯುದ್ದಕ್ಕೂ, “ಬೇಗ ಮಾರಾಯ, ಇನ್ನೂ ಬೇಗ” ಅನ್ನುತ್ತಲೇ ಇದ್ದರು. ಎರಡೂ ಕಡೆ ತೋಟಗಳಿಂದ ಹೂವಿನ ವಾಸನೆ ಒಳಗೆ ನುಗ್ಗುತ್ತಿತ್ತು. ಅವ್ವನ ಮಡಿಲಲ್ಲಿ ತಂಗಿ ನನ್ನ ಬೆರಳು ಹಿಡಿದಿದ್ದಳು. ಅರ್ಧ ದಾರಿಯಲ್ಲಿ ಆ ಗರಗಸದ ಸದ್ದು ನಿಂತಿತು. ಸದ್ಯ, ನಿದ್ದೆ ಬಂತು ಎಂದು ನಾನು ಸಮಾಧಾನಪಟ್ಟುಕೊಂಡೆ. ಅವ್ವ ಕಿರುಚಿದಾಗಲೇ ನನಗೆ ಗೊತ್ತಾದದ್ದು.

ಆಮೇಲೆ ಅಪ್ಪ ಆ ಉಳಿದರ್ಧ ಕಾಗದಕ್ಕಾಗಿ ಹುಡುಕಾಡಿದರು. ಗಿರಾಕಿಗಳ ಮನೆಮನೆಗೆ ಹೋಗಿ, ಲೈನುಮನೆಗಳ ಒಲೆ ಮುಂದೆ ಕೂತು, ‘ಜೀರಿಗೆ ಕಟ್ಟಿಕೊಟ್ಟ ಕಾಗದ ಇದೆಯಾ, ಸ್ವಲ್ಪ ನೋಡಿ’ ಎಂದು ಅಂಗಲಾಚುತ್ತಿದ್ದರು. ಯಾರೋ ಪಾಪ ಅನ್ನಿಸಿ ಸುಟ್ಟ ಚೂರುಗಳನ್ನೂ ತಂದುಕೊಟ್ಟರು. ಅದು ಸಿಗಲೇ ಇಲ್ಲ. ಅಂಗಡಿಯಲ್ಲಿ ಸುದ್ದಿ ಓದುವುದೂ ಅಂದಿಗೇ ನಿಂತಿತು. ನನ್ನನ್ನು ಅಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮೊಮ್ಮಕ್ಕಳೇ, ನನಗೊಬ್ಬಳು ತಂಗಿಯಿದ್ದಳು ಎಂದು ನಿಮಗೆ ಇವತ್ತಿನವರೆಗೆ ಹೇಳಿರಲಿಲ್ಲ. ಹೇಳುವ ಧೈರ್ಯ ಇರಲಿಲ್ಲ. ಆದರೆ ನಿನ್ನೆ ನಿಮ್ಮ ಅಪ್ಪ ಮೊಬೈಲು ಹಿಡಿದು ಬಂದು, “ನೋಡಿ ಅಪ್ಪ, ಈ ಇಂಜೆಕ್ಷನ್ನಿಂದ ಏನೇನಾಗತ್ತೆ ಅಂತ. ಮಗೂಗೆ ಬೇಡ” ಎಂದ, ನಿಮ್ಮ ಪುಟ್ಟ ತಮ್ಮನನ್ನು ತೋರಿಸಿ. ನಾನು ನೋಡಿದೆ. ಒಬ್ಬ ಹೆಂಗಸು ಅಳುತ್ತಿದ್ದಳು, ಅಷ್ಟರಲ್ಲಿ ವಿಡಿಯೊ ಮುಗಿಯಿತು.

“ಮುಂದೇನಾಯ್ತು? ಪೂರ್ತಿ ನೋಡಿದ್ಯೇನೋ?”

“ಇಷ್ಟೇ ಬಂದಿದ್ದು.”

ಬೇಡಿಕೊಂಡೆ, ಜಗಳವಾಡಿದೆ, ಅತ್ತೂ ಆಯಿತು. ‘ಆ ಕಾಲ ಬೇರೆ’ ಎಂದು ಎದ್ದು ಹೋದ. ನಿಜ, ಬೇರೆಯೇ. ನಮಗೆ ಸುದ್ದಿ ತಿಂಗಳು ತಡವಾಗಿ ಬರುತ್ತಿತ್ತು, ನಿಮಗೆ ಕ್ಷಣಕ್ಕೊಂದು ಬರುತ್ತದೆ. ನಮ್ಮೂರಲ್ಲಿ ಇರದಿದ್ದ ಔಷಧಿ ಈಗ ಕೂಗಳತೆಯಲ್ಲಿದೆ. ಕೆಳಗಿನ ಅರ್ಧ ಮಾತ್ರ ಈಗಲೂ ಬಂದಿಲ್ಲ.

ನಾಳೆ ಬೆಳಿಗ್ಗೆ ನರ್ಸಕ್ಕ ಬರುತ್ತಾರಂತೆ. ಮನೆಯಲ್ಲಿ ಯಾರೂ ಇಲ್ಲ ಎಂದು ಹೇಳಲು ನಿಮ್ಮ ಅಪ್ಪ ಹೇಳಿಕೊಟ್ಟಿರಬಹುದು. ಹಾಗೆ ಹೇಳಬೇಡಿ. ಒಳಗೆ ನಿಮ್ಮ ತಮ್ಮ ನಗಲಿ, ಅಳಲಿ, ಹೊರಗಿನವರಿಗೆ ಕೇಳುವಷ್ಟು ಜೋರಾಗಿ ಕೂಗಲಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಅವನ ಬಾಯಿಗೆ ಮಾತ್ರ ಕೈ ಅಡ್ಡ ಹಿಡಿಯಬೇಡಿ.