ಸುಭದ್ರಮ್ಮನ ಕೈ ಮೇಲಿನ ಮುಲಾಮು

ಕುಂಸಿ ಸೀಮೆಯಲ್ಲಿ ಸುಭದ್ರಮ್ಮನ ತವರಿನವರಿಗೆ ‘ಮೊದಲ ಗುಟುಕಿನವರು’ ಎಂದೇ ಹೆಸರು. ಮುತ್ತಜ್ಜ ಶಿವಶಂಕರಪ್ಪ ಊರಿಗೊಂದು ಬಾವಿ ತೋಡಿಸಿ, ನೀರು ಬಿದ್ದ ದಿನ ಮೊದಲ ಬೊಗಸೆ ತಾನೇ ಕುಡಿದು, ಹೊತ್ತು ಮುಳುಗುವವರೆಗೆ ಬಾವಿಕಟ್ಟೆ ಬಿಟ್ಟು ಏಳಲಿಲ್ಲ. ಅವನಿಗೆ ಏನೂ ಆಗಲಿಲ್ಲ ಎಂದು ಕಂಡ ಮೇಲೆಯೇ ಊರವರು ಕೊಡ ಇಳಿಸಿದರು. ಅಜ್ಜಿ ಜಗದಾಂಬಾ ಬರದಲ್ಲಿ ಹೆಸರಿಲ್ಲದ ಕಾಡುಗೆಡ್ಡೆ ಬೇಯಿಸಿ, ತಾನು ತಿಂದು, ಬದುಕಿದ್ದೇನೆ ಎಂದು ಖಾತ್ರಿಯಾದ ಮೇಲೆ ಮಕ್ಕಳಿಗೆ ಬಡಿಸಿದವಳು.

ಸುಭದ್ರಮ್ಮ ಶಿವಮೊಗ್ಗಕ್ಕೆ ಸೊಸೆಯಾಗಿ ಬಂದವಳು. ಮಗ ಜಯಪ್ಪನಿಗೆ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಯಂತ್ರದ ಎಣ್ಣೆಗೋ ಏನಕ್ಕೋ ಅವನ ಎರಡೂ ಅಂಗೈಗೆ ಇಸುಬು ಹತ್ತಿ, ಚರ್ಮ ಬಿರಿದು ನೀರು ಒಸರುತ್ತಿತ್ತು. ಸ್ಪಾನರ್ ಹಿಡಿಯಲಾಗದವನನ್ನು ಎಷ್ಟು ದಿನ ಇಟ್ಟುಕೊಂಡಾರು?

ಕಾರ್ಖಾನೆಯ ಡಾಕ್ಟರು ರಾಮಯ್ಯನವರ ಬಳಿ ಬೊಂಬಾಯಿಯಿಂದ ಹೊಸ ಮುಲಾಮು ಬಂದಿತ್ತು. ಸುಭದ್ರಮ್ಮ ರೈಲು ಹತ್ತಿ ಹೋಗಿ, ಅದನ್ನು ಮಗನಿಗೆ ಹಚ್ಚಿ ಎಂದು ಕೇಳಿದಳು.

“ವಾಸಿ ಮಾಡುತ್ತೋ ಇಲ್ವೋ ಅದು ಆಮೇಲಿನ ಮಾತು ಅಮ್ಮಾ,” ಎಂದರು ರಾಮಯ್ಯ. “ಕೆಡುಕು ಮಾಡಲ್ಲ ಅಂತ ಮೊದಲು ಗೊತ್ತಾಗ್ಬೇಕು. ಅದನ್ನ ಆರೋಗ್ಯವಾಗಿರೋ ಚರ್ಮದ ಮೇಲೇ ನೋಡ್ಬೇಕು. ನಾನು ಹಚ್ಕೊಂಡೆ, ಏನೂ ಆಗ್ಲಿಲ್ಲ. ಆದ್ರೆ ಒಬ್ಬನ ಚರ್ಮ ನಂಬಿದ್ರೆ ಸಾಲ್ದು.”

“ನನ್ನ ಚರ್ಮ ಇದೆಯಲ್ಲ,” ಎಂದು ಸುಭದ್ರಮ್ಮ ಎಡಗೈ ಚಾಚಿದಳು.

ಮುಂಗೈಯ ಒಳಮೈಗೆ ಬೆರಳಗಲ ಮುಲಾಮು ಬಿತ್ತು. “ಚೂರು ನವೆ ಆದ್ರೂ ಹೇಳ್ಬೇಕು,” ಎಂದು ಡಾಕ್ಟರು ಮೂರು ಸಲ ಹೇಳಿದರು.

ಪಕ್ಕದ ಮನೆ ಬಂಗಾರಮ್ಮ ನಕ್ಕಿದ್ದೇ ನಕ್ಕಿದ್ದು. “ಇಸುಬು ಮಗನಿಗೆ, ಮದ್ದು ತಾಯಿಗೆ! ಇದ್ಯಾವ ಸೀಮೆ ವೈದ್ಯ ಮಾರಾಯ್ತಿ?”

ಮರುದಿನವೇ ನವೆ ಶುರುವಾಯಿತು. ಅದರ ಮರುದಿನ ಬೊಬ್ಬೆ ಎದ್ದವು. ಕೆಂಡವನ್ನು ಸೆರಗಿಗೆ ಕಟ್ಟಿಕೊಂಡಂತೆ ಸುಭದ್ರಮ್ಮ ಬಾಯಿ ಬಿಗಿಹಿಡಿದಳು. ಹೇಳಿದರೆ ಮುಲಾಮು ಬೊಂಬಾಯಿಗೆ ವಾಪಸು ಹೋಗುತ್ತದೆ, ಮಗನ ಕೈ ಹಾಗೇ ಉಳಿಯುತ್ತದೆ ಎಂಬುದು ಅವಳ ಲೆಕ್ಕ. ಡಾಕ್ಟರಿಗೆ ತೋರಿಸುವ ದಿನ ಲಿಂಗಪೂಜೆ ಮುಗಿಸಿ, ಹಣೆಗೆ, ತೋಳಿಗೆ ಎಂದಿನಂತೆ ವಿಭೂತಿ ಧರಿಸಿದವಳು ಬೊಬ್ಬೆಗಳ ಮೇಲೂ ಮೂರು ಪಟ್ಟೆ ದಪ್ಪಗೆ ಎಳೆದುಕೊಂಡು, ಮಗನೊಡನೆ ಭದ್ರಾವತಿಗೆ ಹೋದಳು.

“ವಿಭೂತಿ ಒರೆಸ್ಲಾ?” ಎಂದು ಕೇಳಿದರು ರಾಮಯ್ಯ.

“ಪೂಜೆದು ಕಣ್ರೀ. ಒರೆಸಬಾರ್ದು.”

ದೈವದ ವಿಷಯ ಎಂದು ರಾಮಯ್ಯ ಕೈ ಹಿಂದೆ ತೆಗೆದರು. “ನವೆ ಗಿವೆ?”

“ಏನಿಲ್ಲ.”

“ಸರಿ. ಜಯಪ್ಪಾ, ಬಾರಪ್ಪ. ಇವತ್ತು ನಿಂಗೂ ಒಂಚೂರು ಹಚ್ಚಿ ನೋಡಣ.”

ಜಯಪ್ಪ ಅಂಗೈ ಬಿಚ್ಚಿದ. ಬಿರುಕುಗಳ ನಡುವೆ ಹಸಿ ಮಾಂಸ ಕಾಣುತ್ತಿತ್ತು. ಗಟ್ಟಿ ಚರ್ಮವನ್ನೇ ಸುಟ್ಟ ಮದ್ದು ಇದರ ಮೇಲೆ ಬಿದ್ದರೆ? ಮೊದಲ ಗುಟುಕು ಕುಡಿದ ಮುತ್ತಜ್ಜ ಹೊಟ್ಟೆ ನುಲಿಯುತ್ತಿದ್ದರೂ ಸುಮ್ಮನೆ ಕೂತಿದ್ದರೆ ಊರ ಗತಿ ಏನಾಗುತ್ತಿತ್ತು?

“ತಡೀರಿ!” ಸುಭದ್ರಮ್ಮ ಸೆರಗಿನಿಂದ ವಿಭೂತಿ ಒರೆಸಿ ಕೈ ಮುಂದೆ ಹಿಡಿದಳು.

“ಅಯ್ಯೋ ಅವ್ವಾ! ಬಾಯಿ ಇರ್ಲಿಲ್ವಾ ನಿಂಗೆ?” ಎಂದ ಜಯಪ್ಪ.

ರಾಮಯ್ಯ ಬಯ್ಯಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟು, ಅವಳ ಗಾಯ ತೊಳೆದು ಬಟ್ಟೆ ಕಟ್ಟಿದರು. “ಇದು ಯಾರಿಗೂ ಬೇಡ. ಇದಕ್ಕಿಂತ ಸೌಮ್ಯವಾದ್ದು ಇನ್ನೊಂದು ಬರೋದಿದೆ. ಅದಕ್ಕೆ ಬೇರೆಯವರನ್ನ ಹುಡುಕ್ತೀನಿ. ನಿಮ್ಮನ್ನ ಸ್ಟೇಷನ್‌ಗೆ ಜೀಪಲ್ಲಿ ಬಿಡಿಸ್ತೀನಿ, ಇರಿ.”

ಸುಭದ್ರಮ್ಮ ಆಗಲೇ ಹೊಸಿಲು ದಾಟಿದ್ದಳು.

“ಸುಟ್ಟಿರೋದು ಕೈ ಡಾಕ್ಟ್ರೇ, ಕಾಲಲ್ಲ. ಜೀಪೂ ಬೇಡ, ಬೇರೆಯವರೂ ಬೇಡ. ಅದು ಬಂದಾಗ ಹೇಳಿಕಳ್ಸಿ, ಬಲಗೈ ಇನ್ನೂ ಹಾಗೇ ಇದೆ. ಈ ಸಲ ನವೆ ಆದ್ರೆ ನಿಮ್ಮ ಬಾಗಿಲಿಗೇ ಬಂದು ಕೂಗ್ತೀನಿ.”