ಕ್ಯಾಲೆಂಡರಿನ ಮೂಲೆಯ ಹೆಸರು

ನಮ್ಮಣ್ಣ ವಿಷ್ಣುತೀರ್ಥನಿಗೆ ಕುಡಿತವಿರಲಿಲ್ಲ, ಇಸ್ಪೀಟಿರಲಿಲ್ಲ. ಇದ್ದದ್ದು ಒಂದೇ ಹುಚ್ಚು: ಬೇರೆಯವರು ಬರೆದ ಚಿತ್ರ, ಬೇರೆಯವರು ಬರೆದ ಅಕ್ಷರ. ಕುಡಿತವೇ ಇದ್ದಿದ್ದರೆ ಅವನೊಬ್ಬನೇ ಹಾಳಾಗುತ್ತಿದ್ದ ಎಂದು ಆಮೇಲೆ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮೌಂಟ್ ರೋಡಿನ ಒಂದು ಜಾಹೀರಾತು ಕಂಪನಿಯಲ್ಲಿ ಅವನು ಡಿಸೈನರ್. ಚಿತ್ರ ಎಲ್ಲಿ ಬರಬೇಕು, ಅಕ್ಷರ ಎಲ್ಲಿ ಕೂರಬೇಕು, ಎಷ್ಟು ಜಾಗ ಖಾಲಿ ಬಿಡಬೇಕು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಡುವುದು ಅವನ ಕೆಲಸ. ಚಿತ್ರ ಬರೆಯುವವರು ಬೇರೆ, ಅಕ್ಷರ ಬರೆಯುವವರು ಬೇರೆ. ಅವರೆಲ್ಲ ಅಣ್ಣನಿಗೆ ದೇವರ ಸಮಾನ. ಭಾನುವಾರ ಸಂಧ್ಯಾವಂದನೆ ಮುಗಿಸಿದ್ದೇ ತಡ, ಮೂರ್ ಮಾರ್ಕೆಟ್ಟಿಗೆ ಓಟ. ಹಳೆಯ ವಿಲಾಯಿತಿ ಪತ್ರಿಕೆ, ತಮಿಳು ವಾರಪತ್ರಿಕೆಯ ಮುಖಪುಟ, ಬೆಂಕಿಪೊಟ್ಟಣದ ಲೇಬಲ್ಲು, ಸೋಪು ಸುತ್ತಿದ ಕಾಗದ, ಎಲ್ಲವೂ ಟ್ರಿಪ್ಲಿಕೇನಿನ ನಮ್ಮ ಎರಡು ಕೋಣೆಯ ಮನೆಗೆ ಬರುತ್ತಿದ್ದವು. "ಅಕ್ಕಿ ಡಬ್ಬ ಇಡೋಕೆ ಎಡಮಿಲ್ಲ, ಇವನ ಕುಪ್ಪೆಗೆ ಮಾತ್ರ ಅಲಮಾರು," ಎಂದು ನಮ್ಮಮ್ಮ ಜಾನಕಮ್ಮ ಗೊಣಗುತ್ತಿದ್ದಳು. ಅವಳು ಜಾಗಕ್ಕೆ ಎಡಂ, ಕಸಕ್ಕೆ ಕುಪ್ಪೆ ಎಂದೇ ಹೇಳುವುದು. ಮದರಾಸಿನಲ್ಲಿ ಮೂರು ತಲೆಮಾರು ಕಳೆದ ಮನೆ ನಮ್ಮದು.

ದಾರಿಯಲ್ಲಿ ಅವನ ಜೊತೆ ನಡೆಯುವುದೆಂದರೆ ಪ್ರಾಣಕ್ಕೇ ಸಂಚಕಾರ. ಸಿನಿಮಾ ಬ್ಯಾನರ್ ಕಂಡರೆ ನಡುರಸ್ತೆಯಲ್ಲೇ ನಿಲ್ಲುವನು. "ನೋಡು ಡೀ ಲಕ್ಷ್ಮೀ, ಆ ತಿರುವು ನೋಡು! ಒಂದೇ ಉಸಿರಲ್ಲಿ ಎಳೆದಿದಾನೆ!" ಹಿಂದಿನಿಂದ ರಿಕ್ಷಾದವನು, "ಯೋವ್, ವೂಟ್ಲ ಸೊಲ್ಲಿಟ್ಟು ವಂದಿಯಾ?" ಎಂದು ಗದರುವನು. ಸಾಯಲು ಹೊರಟಿದ್ದೀಯಲ್ಲ, ಮನೆಯಲ್ಲಿ ಹೇಳಿ ಬಂದೆಯಾ ಎಂದು ಅದರ ಅರ್ಥ. ಅಣ್ಣನಿಗೆ ಕೇಳಿಸಿದರೆ ತಾನೆ!

ಆ ದೇವರುಗಳಲ್ಲೆಲ್ಲ ದೊಡ್ಡ ದೇವರು ಮೋನಪ್ಪನವರು. ಮಂಗಳೂರಿನ ಕಡೆಯವರು. ರಾಯಪುರಂನಲ್ಲಿ ಪರಮೇಶ್ವರಪ್ಪ ಎಂಬವರ ಲಿಥೋ ಪ್ರೆಸ್ಸಿನಲ್ಲಿ ಅಕ್ಷರ ಬರೆಯುವ ಕೆಲಸ. ತಗಡಿನ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಬರೆಯಬೇಕು, ಅಚ್ಚಾದಾಗ ಸರಿಯಾಗಿ ಬೀಳುತ್ತದೆ. ತೆಲುಗು ಓದಲು ಬಾರದ ಮನುಷ್ಯ ತೆಲುಗನ್ನು ಮುತ್ತು ಪೋಣಿಸಿದಂತೆ ಉಲ್ಟಾ ಬರೆಯುತ್ತಿದ್ದರು. ಭಾನುವಾರ ಮಾತ್ರ ಮನೆಯಲ್ಲಿ ಕೂತು ಅಣ್ಣನ ಕಂಪನಿಗೂ ಒಂದಿಷ್ಟು ಬರೆದುಕೊಡುತ್ತಿದ್ದರು. ಪ್ರೆಸ್ಸಿನವರೇ ಕೊಟ್ಟ ಒಂದು ಕೋಣೆಯಲ್ಲಿ ಅವರು, ಹೆಂಡತಿ ಗುಣವತಿ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ನಾವು ಹೋದರೆ ಗುಣವತಿ ನನ್ನ ಕೈಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದಳು. ಅಣ್ಣ ಬಾಗಿಲಲ್ಲೇ ನಿಂತು ಒಣಗಲು ಹಾಕಿದ ಕಾಗದ ನೋಡುತ್ತಿದ್ದ.

ಚಿತ್ರ ಬರೆದವನು ಮೂಲೆಯಲ್ಲಿ ಹೆಸರು ಹಾಕಿಕೊಳ್ಳುತ್ತಾನೆ, ಅಕ್ಷರ ಬರೆದವನಿಗೆ ಮಾತ್ರ ಹೆಸರಿಲ್ಲ. ಇದು ಅಣ್ಣನ ಸಂಕಟ. "ನಿಮ್ಮ ಹೆಸರು ಹಾಕೋಣ," ಎಂದು ಅವನು ಎರಡು ಮೂರು ಸಲ ಕೇಳಿದ್ದನ್ನು ನಾನೇ ಕೇಳಿದ್ದೇನೆ. ಮೋನಪ್ಪನವರು ತಲೆ ಎತ್ತದೆ, "ಹೆಸರುಗಿಸರು ಎಲ್ಲ ಬೇಡ ರಾಯರೆ. ಅದೆಲ್ಲ ನಮಗೆ ಆಗುವುದಿಲ್ಲ," ಎನ್ನುತ್ತಿದ್ದರು. ದಾರಿಯಲ್ಲಿ ಅಣ್ಣನ ಕಣ್ಣು ತುಂಬಿರುತ್ತಿತ್ತು. "ಎಂಥ ವಿನಯ ನೋಡು. ನಿಜವಾದ ಕಲಾವಿದರು ಹೀಗೇ ಇರೋದು."

ವಿನಯವಂತೆ! ನಾವಿಬ್ಬರೂ ಓದಿದವರು. ಒಬ್ಬ ಮನುಷ್ಯ ಬೇಡ ಎಂದರೆ ಯಾಕೆ ಎಂದು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಅರವತ್ತನೇ ಇಸವಿಯ ಕ್ಯಾಲೆಂಡರಿನ ಕೆಲಸ ಬಂತು. ಒಂದು ಕಾಫಿಪುಡಿ ಕಂಪನಿಯದು. ಕಂಪನಿಯ ಹೆಸರನ್ನು ಮೋನಪ್ಪನವರು ತಮಿಳಿನಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದರೆಂದರೆ, ಅಕ್ಷರಕಲೆಯ ಗಂಧಗಾಳಿಯಿಲ್ಲದ ನಾನೂ ಒಂದು ಗಳಿಗೆ ನೋಡುತ್ತ ಕೂತೆ. ಬೇರೊಂದು ಪ್ರೆಸ್ಸಿಗೆ ಅಚ್ಚಿಗೆ ಕಳಿಸುವ ಮುಂಚೆ ಅಣ್ಣ ಅದನ್ನು ಮನೆಗೆ ತಂದ. ಕೆಳಗಿನ ಮೂಲೆಯಲ್ಲಿ ಸಾಸಿವೆಯಷ್ಟು ದಪ್ಪದ ಅಚ್ಚಕ್ಷರ ಅಂಟಿಸಿದ್ದ: ಅಕ್ಷರ, ಮೋನಪ್ಪ, ರಾಯಪುರಂ. "ಅವರಿಗೆ ಹೇಳಿಲ್ಲ. ನೋಡಿ ಎಷ್ಟು ಸಂತೋಷಪಡ್ತಾರೆ ಗೊತ್ತಾ?" ನಾನು ನಕ್ಕು, "ಹಾಕು ಬಿಡು, ಯಾರ ಗಂಟೇನು ಹೋಗುತ್ತೆ," ಅಂದೆ. ಆ ಮಾತು ಆಡಿದ ಬಾಯಿ ಇದೇ.

ಡಿಸೆಂಬರಿನ ಒಂದು ಭಾನುವಾರ ಕ್ಯಾಲೆಂಡರಿನ ಸುರುಳಿ, ಅರ್ಧ ಸೇರು ಮೈಸೂರುಪಾಕು ಹಿಡಿದುಕೊಂಡು ರಾಯಪುರಂಗೆ ಹೋದೆವು. ಮೋನಪ್ಪನವರು ಸುರುಳಿ ಬಿಚ್ಚಿ ಮೇಲಿನಿಂದ ಕೆಳಗೆ ನೋಡಿದರು. ಮೂಲೆಗೆ ಬಂದಾಗ ಅವರ ಮುಖ ಬಿಳುಚಿತು. ಹಾಗೇ ನೆಲದ ಮೇಲೆ ಕೂತರು. ಗುಣವತಿ ಬಗ್ಗಿ ನೋಡಿದಳು.

"ಎಂತ ಮಾಡಿದ್ರಿ ಮಾರಾಯ್ರೆ ನೀವು! ಇವರ ಕೆಲಸ ಹೋಯ್ತಲ್ಲ!"

ಆಗ ಗೊತ್ತಾಯಿತು. ಪ್ರೆಸ್ಸಿಗೆ ಸೇರುವಾಗಲೇ ಮೋನಪ್ಪನವರು ಛಾಪಾಕಾಗದದ ಮೇಲೆ ಬರೆದುಕೊಟ್ಟಿದ್ದರು. ಹೊರಗಿನವರಿಗೆ ಒಂದಕ್ಷರ ಬರೆದರೂ ಅವತ್ತೇ ಕೆಲಸ ಬಿಡಬೇಕು, ಕೋಣೆಯನ್ನೂ ಬಿಡಬೇಕು. ಒಬ್ಬ ಪ್ರೆಸ್ಸಿನವನು ಹಾಗೆ ಹೊರಗೆ ಹಾಕಿದವನನ್ನು ಊರಿನ ಇನ್ನೊಬ್ಬನು ಸೇರಿಸಿಕೊಳ್ಳುತ್ತಿರಲಿಲ್ಲ. ಅದು ಅವರವರ ಒಳಗಿನ ಕಟ್ಟುಪಾಡು.

"ಕ್ಯಾಲೆಂಡರ್ ವಾಪಸ್ ತರಿಸೋಕಾಗಲ್ವಾ?" ಎಂದು ನಾನು ಕೇಳಿದೆ.

"ಶುಕ್ರವಾರವೇ ಅಂಗಡಿಗಳಿಗೆ ಹೋಯ್ತು," ಎಂದ ಅಣ್ಣ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರಲ್ಲ, ಹಾಗಾಗಿತ್ತು. ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು, ಜೊತೆಗೆ ನನ್ನದಕ್ಕೂ.

ಮಾರನೆಯ ದಿನ ಅಣ್ಣನೇ ಪ್ರೆಸ್ಸಿಗೆ ಹೊರಟ. ಒಬ್ಬನನ್ನೇ ಬಿಟ್ಟರೆ ಇನ್ನೇನು ಕೆಡಿಸುತ್ತಾನೋ ಎಂದು ನನ್ನ ಟೈಪಿಸ್ಟ್ ಕೆಲಸಕ್ಕೆ ರಜೆ ಹಾಕಿ ನಾನೂ ಹೋದೆ. ಪರಮೇಶ್ವರಪ್ಪನವರ ಮೇಜಿನ ಮೇಲೆ ಕ್ಯಾಲೆಂಡರ್ ಆಗಲೇ ಹರಡಿಕೊಂಡಿತ್ತು. ಮೋನಪ್ಪನವರು ಗೋಡೆಗೊರಗಿ ನಿಂತಿದ್ದರು. ಧಾರವಾಡದ ಕಡೆಯವರಾದ ಪರಮೇಶ್ವರಪ್ಪನವರು ಮರ್ಯಾದೆಯಿಂದಲೇ, "ಬರ್ರಿ ರಾಯರ, ಕುಂಡ್ರಿ," ಎಂದರು.

ಅಣ್ಣ ಕೂರಲಿಲ್ಲ. "ಇದು ಇವರ ಕೈ ಅಲ್ಲ ಸಾರ್. ನಾನು ಬರೆದದ್ದು. ಇವರ ಮೇಲಿನ ಅಭಿಮಾನಕ್ಕೆ ಇವರ ಹೆಸರು ಹಾಕಿಬಿಟ್ಟೆ. ತಪ್ಪೆಲ್ಲ ನನ್ನದೇ."

ಹುಟ್ಟಿದಾಗಿನಿಂದ ಸುಳ್ಳು ಹೇಳಿ ಗೊತ್ತಿಲ್ಲದವನು!

"ಹಂಗೇನು?" ಎಂದರು ಪರಮೇಶ್ವರಪ್ಪ. ಒಂದು ಕಾಗದ, ಶಾಯಿ, ಬ್ರಷ್ಷು ಮುಂದಿಟ್ಟರು. "ಹಂಗಾರ ಇನ್ನೊಮ್ಮೆ ಬರೀರಿ. ನಿಮ್ಮ ಕೈ ಅಂತ ಕಂಡ್ರ, ಮೋನಪ್ಪ ಈಗಿಂದೀಗ ಹೋಗಿ ತನ್ನ ಕೆಲಸ ಮಾಡ್ಲಿ. ನಾ ಮಾತಿಗೆ ತಪ್ಪಾಂವಲ್ಲ."

ಅಣ್ಣ ಬ್ರಷ್ ಹಿಡಿದ. ಯಾವ ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಅವನಿಗೆ ಬಾಯಿಪಾಠ. ಆದರೆ ಕೈಗೆ ಗೊತ್ತಿರಬೇಕಲ್ಲ? ಮೊದಲ ಅಕ್ಷರವೇ ನಡುಗಿತು. ಎರಡನೆಯದರ ಹೊಟ್ಟೆ ಡೊಂಕಾಯಿತು. ಮೂರನೆಯದಕ್ಕೆ ಶಾಯಿ ಹೆಚ್ಚಾಗಿ ಬೊಟ್ಟು ಬಿತ್ತು. ಅವನ ಮೂಗಿನ ತುದಿಯಿಂದ ಬೆವರು ಕಾಗದದ ಮೇಲೆ ಇಳಿಯಿತು. ಪರಮೇಶ್ವರಪ್ಪ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಅಣ್ಣ ಮಾತ್ರ ಬಿಡದೆ ಬರೆಯುತ್ತಲೇ ಇದ್ದ, ನಾನು ನೋಡಲಾರದೆ ಮುಖ ತಿರುಗಿಸಿದೆ.

ಮೋನಪ್ಪನವರು ಗೋಡೆ ಬಿಟ್ಟು ಬಂದರು. ಅಣ್ಣನ ಬೆರಳುಗಳ ನಡುವಿನಿಂದ ಮೆಲ್ಲಗೆ ಬ್ರಷ್ ಬಿಡಿಸಿಕೊಂಡರು.

"ಸಾಕು ರಾಯರೆ. ನನ್ನಿಂದ ನೋಡ್ಲಿಕ್ಕೆ ಆಗುವುದಿಲ್ಲ."

ನಿಂತಲ್ಲೇ ಬಗ್ಗಿ, ಆ ಹಾಳಾದ ಸಾಲಿನ ಕೆಳಗೆ ಕಾಫಿಪುಡಿ ಕಂಪನಿಯ ಇಡೀ ಹೆಸರನ್ನು ಬರೆದು ಮುಗಿಸಿದರು. ಕ್ಯಾಲೆಂಡರಿನಲ್ಲಿದ್ದದ್ದಕ್ಕೂ ಅದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಪರಮೇಶ್ವರಪ್ಪನವರು ಅದನ್ನು ತುಂಬ ಹೊತ್ತು ನೋಡಿದರು. ಅವರ ಮುಖದಲ್ಲೂ ದುಃಖವಿತ್ತು, ಸುಳ್ಳು ಹೇಳಬಾರದು.

"ಇಂಥಾ ಕೈ ನನಗ ಮತ್ತ ಸಿಗಂಗಿಲ್ಲ. ಆದ್ರ ನಿನಗ ಬಿಟ್ರ ನಾಳೆ ಎಲ್ಲಾರಿಗೂ ಬಿಡಬೇಕಾಕ್ಕೈತಿ. ಶನಿವಾರದೊಳಗ ಖೋಲಿ ಖಾಲಿ ಮಾಡು, ಮೋನಪ್ಪ."

ಮೋನಪ್ಪನವರು ತಮ್ಮ ಬ್ರಷ್ಷುಗಳನ್ನು ತರಲು ಒಳಗೆ ಹೋದರು. ನಾವು ಹೊರಗೆ ಬಂದೆವು. ಗೇಟಿನ ಹತ್ತಿರ ಬಿಸಿಲಲ್ಲಿ ಗುಣವತಿ ನಿಂತಿದ್ದಳು. ಬೆಳಗ್ಗೆಯಿಂದ ಅಲ್ಲೇ ಇದ್ದಳೆಂದು ಕಾಣುತ್ತದೆ.

"ಎಂತ ಹೇಳಿದ್ರು?" ಎಂದು ಕೇಳಿದಳು.

ನಾನೇ, "ಆಗಲಿಲ್ಲಮ್ಮ," ಅಂದೆ. ಅವಳು ನನ್ನನ್ನು ನೋಡಲಿಲ್ಲ, ಅಣ್ಣನ ಕೈಯನ್ನು ನೋಡುತ್ತಿದ್ದಳು. ನಾನೂ ಆಗಲೇ ನೋಡಿದ್ದು. ಮೋನಪ್ಪನವರು ಬರೆದ ಆ ಕಾಗದವನ್ನು ಅಣ್ಣ ಮೇಜಿನಿಂದ ಎತ್ತಿಕೊಂಡು ಬಂದಿದ್ದ. ಹಸಿ ಶಾಯಿ ಅಳಿಸದ ಹಾಗೆ ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದುಕೊಂಡಿದ್ದ. ಹಿಡಿದುಕೊಂಡಿದ್ದೇನೆ ಎಂಬುದು ಅವನಿಗೇ ಗೊತ್ತಿತ್ತೋ ಇಲ್ಲವೋ.

"ನಿಮಗೆ ಅಕ್ಷರ ಸಿಕ್ಕಿತಲ್ಲ ರಾಯರೆ," ಎಂದಳು ಗುಣವತಿ. "ನಾವು ಎಲ್ಲಿಗೆ ಹೋಗುವುದು?"

ಅಣ್ಣ ಆ ಕಾಗದವನ್ನು ಅವಳ ಮುಂದೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.